ಕಾಫಿ ತೋಟದ ಅಂಗನವಾಡಿಗೆ ಟ್ಯಾಬ್ ಬಂದಾಗ: ನಾಲ್ಕು ವರ್ಷದ ಹುಡುಗಿಯ ಪ್ರಕರಣ

ಇದು ದಕ್ಷಿಣ ಕೊಡಗಿನ ಒಂದು ಅಂಗನವಾಡಿಯ ಪ್ರಕರಣ. ಸಿದ್ದಾಪುರದ ಆಸುಪಾಸಿನ ಕಾಫಿ ತೋಟಗಳ ನಡುವೆ ಈ ಕೇಂದ್ರ ಇದೆ. ಮಗುವಿನ ಹೆಸರು, ಟೀಚರ್ ಹೆಸರು, ತೋಟದ ಗುರುತು ಯಾವುದನ್ನೂ ಇಲ್ಲಿ ಬರೆದಿಲ್ಲ. ಹುಡುಗಿಗೆ ಆಗಷ್ಟೇ ನಾಲ್ಕು ತುಂಬಿತ್ತು. ಕೊಡಗಿನ ಬುಡಕಟ್ಟುಗಳಲ್ಲಿ ಒಂದಾದ ಯರವ ಸಮುದಾಯದ ಕುಟುಂಬ. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸಕ್ಕೆ ಹೋಗುತ್ತಾರೆ. ಲೈನ್ ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಹಗಲು ಹೊತ್ತು ಇರುವುದು ಅಜ್ಜಿ.

ನಾನು ಅಂಗನವಾಡಿ ಟೀಚರ್‌ಗಳ ಜೊತೆ ಕಲಿಕೆಯ ವಿಷಯದಲ್ಲಿ ಕೆಲಸ ಮಾಡುವವಳು. ಟೀಚರ್ ನನ್ನ ಮುಂದೆ ಇಟ್ಟ ಪ್ರಶ್ನೆ ಹೀಗಿತ್ತು: "ಈ ಹುಡುಗಿಗೆ ಎಬಿಸಿಡಿ ಪೂರ್ತಿ ಬರ್ತದೆ ಮೇಡಂ. ಇಂಗ್ಲಿಷಲ್ಲಿ ಇಪ್ಪತ್ತರ ತನಕ ಎಣಿಸ್ತಾಳೆ. ಬಣ್ಣದ ಹೆಸರೆಲ್ಲ ಹೇಳ್ತಾಳೆ. ಆದ್ರೆ ನೀರು ಬೇಕು ಅಂತ ಬಾಯಿಬಿಟ್ಟು ಕೇಳಲ್ಲ. ಯಾರ ಜೊತೆಗೂ ಮಾತಿಲ್ಲ. ಇವಳು ಬುದ್ಧಿವಂತೆಯಾ, ಅಥವಾ ಏನಾದ್ರೂ ತೊಂದರೆ ಇದೆಯಾ?"

ಇಂಥ ಪ್ರಶ್ನೆ ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಸುತ್ತ ಇದ್ದವರ ಹತ್ತಿರ ಉತ್ತರವೂ ತಯಾರಾಗಿತ್ತು. ಮೊಬೈಲ್ ನೋಡಿ ನೋಡಿ ಮಗು ಹೀಗಾಗಿದೆ, ಫೋನ್ ಕಿತ್ತುಕೊಂಡರೆ ಸರಿಹೋಗುತ್ತದೆ ಎಂದು ಕೆಲವರು ಹೇಳಿದರು. ಇನ್ನು ಕೆಲವರು ಇಷ್ಟು ಸಣ್ಣ ವಯಸ್ಸಿಗೇ ಇಂಗ್ಲಿಷ್ ಕಲಿತಿದ್ದಾಳೆ, ಇನ್ನೂ ಒಳ್ಳೆಯ ಆ್ಯಪ್ ಹಾಕಿಕೊಡಿ ಎಂದರು. ಎರಡೂ ಸರಿಯಲ್ಲ ಎಂದು ಗೊತ್ತಾಗಲು ಮನೆಯನ್ನೂ ಕೇಂದ್ರವನ್ನೂ ಹತ್ತಿರದಿಂದ ನೋಡಬೇಕಾಯಿತು.

ಮೊದಲು ಕಿವಿ

ಮಾತಾಡದ ಮಗು ಎಂದ ಕೂಡಲೇ ಫೋನಿನ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಮೊದಲು ಆಗಬೇಕಾದ ಕೆಲಸ ಕಿವಿ ಪರೀಕ್ಷೆ. ಕಿವಿ ಸರಿಯಾಗಿ ಕೇಳದ ಮಗುವೂ ಪರದೆ ನೋಡುತ್ತ ಸುಮ್ಮನೆ ಕೂರುತ್ತದೆ. ನೋಡುವವರಿಗೆ ಅದು ಮೊಬೈಲ್ ಹುಚ್ಚಿನಂತೆಯೇ ಕಾಣುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿನಿಂದ ಬಂದ ದೋಷ, ಪೋಷಣೆಯ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದೆ ಬೀಳುವುದು, ಈ ನಾಲ್ಕನ್ನೂ ಗಮನಿಸುವುದು ಅದರ ಕೆಲಸ. ಹೆಚ್ಚಿನ ಪರೀಕ್ಷೆ ಬೇಕಾದ ಮಕ್ಕಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೊಡಗಿನವರಿಗೆ ಅದು ದೂರವೇನಲ್ಲ. ಈ ಹುಡುಗಿಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳಲಿಲ್ಲ. ಅವಳ ಕಿವಿ ಚೆನ್ನಾಗಿತ್ತು.

ಆಮೇಲೆ ಮನೆಯಲ್ಲಿ ನೋಡಿದ್ದು ಇಡೀ ಪ್ರಕರಣದ ದಿಕ್ಕನ್ನೇ ಬದಲಿಸಿತು. ಈ ಹುಡುಗಿ ಮನೆಯಲ್ಲಿ ಮಾತಿನ ಮಲ್ಲಿ. ಅಜ್ಜಿಯ ಜೊತೆ ಯರವ ಭಾಷೆಯಲ್ಲಿ ಒಂದೇ ಸಮನೆ ಮಾತು. ಕೋಳಿಮರಿಗೆ ಬೈಯುತ್ತಾಳೆ, ತಮ್ಮನಿಗೆ ಹೇಳಿಕೊಡುತ್ತಾಳೆ, ಅಜ್ಜಿ ಹೇಳಿದ್ದಕ್ಕೆ ಎದುರು ಮಾತಾಡುತ್ತಾಳೆ. ಮಾತು ಬರದ ಮಗು ಇವಳಲ್ಲ. ಅಂಗನವಾಡಿಯ ಬಾಗಿಲು ದಾಟಿದ ಕೂಡಲೇ ಸುಮ್ಮನಾಗುವ ಮಗು. ಅಲ್ಲಿನ ಮಾತು ಕನ್ನಡ. ಆಡುವ ಮಕ್ಕಳಲ್ಲಿ ಕೆಲವರು ಮಲಯಾಳಂ, ಕೆಲವರು ಅರೆಭಾಷೆ, ಕೊಯ್ಲಿನ ಕಾಲದಲ್ಲಿ ಅಸ್ಸಾಮಿನಿಂದ ಬಂದವರ ಮಕ್ಕಳು ಬೇರೆ. ಹೊಸ ಭಾಷೆಯ ನಡುವೆ ಬಿದ್ದ ಸಣ್ಣ ಮಕ್ಕಳು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುತ್ತ ಇರುವುದು ಎಲ್ಲ ಕಡೆ ಕಂಡುಬಂದಿದೆ. ಅದು ಕಾಯಿಲೆ ಅಲ್ಲ.

ಹಾಗಾದರೆ ಇಂಗ್ಲಿಷ್ ಎಲ್ಲಿಂದ ಬಂತು? ಫೋನಿನಿಂದ.

ಫೋನ್ ಯಾಕೆ ಕೈಗೆ ಬಂತು

ಮಳೆಗಾಲದಲ್ಲಿ ಹೊರಗೆ ಬಿಡುವಂತಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಕೊಡಗಿನ ಮಳೆ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಜೋರು ಮಳೆಯ ದಿನ ಜಿಲ್ಲಾಧಿಕಾರಿಗಳು ಶಾಲೆಯ ಜೊತೆ ಅಂಗನವಾಡಿಗೂ ರಜೆ ಕೊಡುತ್ತಾರೆ. ಮಳೆ ನಿಂತರೂ ಆನೆ ಇದೆ. ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟಗಳಲ್ಲಿ ಕಾಡಾನೆಗಳು ಹಗಲಲ್ಲೂ ಬೀಡುಬಿಟ್ಟಿರುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಲೈನ್ ಮನೆಯ ಹಿಂದೆಯೇ ಬರುತ್ತವೆ. ಕೆಲಸಕ್ಕೆ ಹೋಗುವಾಗ ಜೀವ ಕಳೆದುಕೊಂಡ ಕಾರ್ಮಿಕರಿದ್ದಾರೆ. ಇಂಥ ಜಾಗದಲ್ಲಿ ಮಗುವನ್ನು ಹೊರಗೆ ಆಡಲು ಬಿಡಿ ಎಂದು ಹೇಳುವುದು ಸುಲಭದ ಮಾತಲ್ಲ.

ಅಜ್ಜಿ ಹೇಳಿದ್ದು ಇಷ್ಟು: "ಹೊರಗೆ ಬಿಟ್ರೆ ಆನೆ. ಒಳಗೆ ಕೂರಿಸಿದ್ರೆ ಅಳ್ತದೆ. ಫೋನ್ ಕೊಟ್ರೆ ಸುಮ್ನೆ ಕೂರ್ತದೆ. ನಾನು ಗಂಜಿ ಬೇಯಿಸೋದು ಬೇಡ್ವಾ ಟೀಚರೇ?"

ಕೊಯ್ಲಿನ ಕಾಲ ಬಂದರೆ ಇನ್ನೂ ಕಷ್ಟ. ರೊಬಸ್ಟಾ ತಳಿಯ ಕಾಫಿ ಕೊಯ್ಲು ಡಿಸೆಂಬರ್, ಜನವರಿ ಹೊತ್ತಿಗೆ ಶುರುವಾಗಿ ಮಾರ್ಚ್ ತನಕ ಎಳೆಯುತ್ತದೆ. ಎಷ್ಟು ಕಿಲೋ ಕುಯ್ದರೆ ಅಷ್ಟು ದುಡ್ಡು. ಅಮ್ಮ ಬೆಳಗ್ಗೆ ಬೇಗ ಹೊರಟರೆ ಸಂಜೆ ಹಣ್ಣು ತೂಕ ಹಾಕಿಸಿಯೇ ಬರುವುದು. ಆನೆ ಯಾವ ಕಡೆ ಇದೆ ಎಂಬ ಸುದ್ದಿಯೂ ಅದೇ ಫೋನಿನ ವಾಟ್ಸಾಪಿಗೇ ಬರುತ್ತದೆ. ಹಾಗಾಗಿ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಎಂದು ಈ ಮನೆಗೆ ಹೇಳುವುದರಲ್ಲಿ ಅರ್ಥವಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಎರಡು ವರ್ಷ ತುಂಬುವ ತನಕ ಕೂತು ನೋಡುವ ಪರದೆ ಬೇಡ, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಎಂಬ ಸಾಲು ಎಲ್ಲರ ನೆನಪಿನಲ್ಲಿದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ ಸುಮಾರಾಗಿ ಇದನ್ನೇ ಹೇಳುತ್ತದೆ. ಆದರೆ ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಸಾಲಿದೆ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷ ಓಡಾಡಬೇಕು, ಅದರಲ್ಲಿ 60 ನಿಮಿಷವಾದರೂ ಮೈ ಬೆವರುವಂಥ ಆಟ ಇರಬೇಕು. 10ರಿಂದ 13 ಗಂಟೆ ನಿದ್ದೆ ಬೇಕು. ಈ ಮನೆಯ ನಿಜವಾದ ಕೊರತೆ ಈ ಎರಡನೇ ಸಾಲಿನದು. ಆ 180 ನಿಮಿಷಕ್ಕೆ ಜಾಗ ಸಿಕ್ಕದಿದ್ದರೆ ಫೋನಿನ ಒಂದು ಗಂಟೆಯ ಮಿತಿ ಕಾಗದದ ಮೇಲೆಯೇ ಉಳಿಯುತ್ತದೆ.

ಕೇಂದ್ರಕ್ಕೆ ಬಂದ ಟಿವಿ, ಟ್ಯಾಬ್

ಮಳೆಗಾಲದ ಶುರುವಿಗೆ ತೋಟದ ಮಾಲೀಕರ ಮನೆಯವರು ಈ ಅಂಗನವಾಡಿಗೆ ಒಂದು ಟಿವಿ, ಎರಡು ಟ್ಯಾಬ್ ಕೊಟ್ಟರು. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು. ಟ್ಯಾಬಿನಲ್ಲಿ ಅಕ್ಷರ, ಲೆಕ್ಕ, ಬಣ್ಣ ಕಲಿಸುವ ಆ್ಯಪ್‌ಗಳು ಮೊದಲೇ ಇದ್ದವು. ಟಿವಿಯಲ್ಲಿ ಇಂಗ್ಲಿಷ್ ರೈಮ್ಸ್ ಹಾಡುತ್ತಿತ್ತು.

ಹಗಲು ಹೇಗೆ ನಡೆಯುತ್ತಿತ್ತು ಎಂದು ಹೇಳುತ್ತೇನೆ. ಇರುವುದು ಒಬ್ಬರು ಟೀಚರ್, ಒಬ್ಬರು ಸಹಾಯಕಿ. ಸಹಾಯಕಿ ಅಡುಗೆಯಲ್ಲಿರುತ್ತಾರೆ. ಟೀಚರ್ ಕೈಯಲ್ಲೂ ಒಂದು ಫೋನ್. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಿದೆ. ಹಾಜರಿ, ತೂಕ, ಎತ್ತರ, ಕೊಟ್ಟ ಆಹಾರ ಎಲ್ಲವನ್ನೂ ಅದರಲ್ಲಿ ತುಂಬಬೇಕು. ನೆಟ್‌ವರ್ಕ್ ಸಿಗದಿದ್ದರೆ ಜಗಲಿಯ ಮೂಲೆಗೋ ಗೇಟಿನ ಹತ್ತಿರವೋ ಹೋಗಿ ನಿಲ್ಲಬೇಕು. ಆ ಹೊತ್ತಿಗೆ ಮಕ್ಕಳನ್ನು ಹಿಡಿದಿಡಲು ಟಿವಿ ಅನುಕೂಲವಾಯಿತು. ಹೀಗೆ ಕಲಿಸುವ ಯಂತ್ರವೆಂದು ಬಂದದ್ದು ಮಕ್ಕಳನ್ನು ಕೂರಿಸುವ ಯಂತ್ರವಾಯಿತು. ಇದರಲ್ಲಿ ಟೀಚರ್ ತಪ್ಪೇನೂ ಇಲ್ಲ. ಲೈನ್ ಮನೆಯಲ್ಲಿ ಅಜ್ಜಿಗೆ ಇದ್ದ ಕಷ್ಟವೇ ಇಲ್ಲಿ ಟೀಚರ್‌ಗೂ ಇತ್ತು.

ನಮ್ಮ ಹುಡುಗಿ ಟಿವಿಯ ಮುಂದೆ ಎಲ್ಲರಿಗಿಂತ ಚುರುಕು. ಹಾಡು ಬರುವ ಮೊದಲೇ ಅದರ ಸಾಲು ಹೇಳುತ್ತಿದ್ದಳು. ಟ್ಯಾಬಿನ ಲೆಕ್ಕದ ಆಟದಲ್ಲಿ ನಕ್ಷತ್ರ ಮೇಲೆ ನಕ್ಷತ್ರ. ಒಂದು ದಿನ ಊಟದ ಹೊತ್ತಿಗೆ ಟೀಚರ್ ಅವಳಿಗೆ ಮೂರು ತಟ್ಟೆ ತರಲು ಹೇಳಿದರು, ಬೆರಳು ಮಡಚಿ ತೋರಿಸಿಯೂ ಹೇಳಿದರು. ಅವಳು ಕೈಗೆ ಸಿಕ್ಕಷ್ಟು ತಟ್ಟೆ ಎತ್ತಿಕೊಂಡು ಬಂದಳು. ಅಜ್ಜಿಯ ಕೈಲಿ ಯರವ ಭಾಷೆಯಲ್ಲಿ ಕೇಳಿಸಿದಾಗಲೂ ಹಾಗೇ ಆಯಿತು. ಎರಡರ ತನಕ ಸರಿ, ಮೂರು ಎಂದರೆ ಒಂದು ಹಿಡಿ.

ಇದು ಈ ವಯಸ್ಸಿನಲ್ಲಿ ಸಹಜ. ಅಂಕಿಯ ಹೆಸರುಗಳನ್ನು ಸಾಲಾಗಿ ಹೇಳುವುದು ಬೇರೆ, ಮೂರು ಎಂದರೆ ಎಷ್ಟು ಎಂದು ತಿಳಿಯುವುದು ಬೇರೆ. 1990ರ ದಶಕದ ಆರಂಭದಲ್ಲಿ ಕರೆನ್ ವಿನ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ಸ್ಪಷ್ಟವಾಗಿ ತೋರಿಸಿದರು. ಹತ್ತರ ತನಕ ಸಲೀಸಾಗಿ ಹೇಳುವ ಮಗುವಿಗೆ ಮೂರು ಆಟಿಕೆ ಕೊಡು ಎಂದರೆ ಕೈತುಂಬ ಕೊಡುತ್ತದೆ. ಒಂದು, ಆಮೇಲೆ ಎರಡು, ಆಮೇಲೆ ಮೂರು ಹೀಗೆ ತಿಂಗಳುಗಟ್ಟಲೆ ಒಂದೊಂದೇ ಮೆಟ್ಟಿಲು ಹತ್ತಿ, ಸುಮಾರು ಮೂರೂವರೆ ನಾಲ್ಕು ವರ್ಷಕ್ಕೆ ಎಣಿಕೆಯ ಒಳಗುಟ್ಟು ಮಕ್ಕಳಿಗೆ ಹೊಳೆಯುತ್ತದೆ. ಆ್ಯಪಿಗೆ ಈ ಮೆಟ್ಟಿಲು ಕಾಣುವುದಿಲ್ಲ. ಬೆರಳು ಸರಿಯಾದ ಚಿತ್ರದ ಮೇಲೆ ಬಿದ್ದರೆ ಅದು ನಕ್ಷತ್ರ ಕೊಡುತ್ತದೆ, ಅಷ್ಟೇ. ದೊಡ್ಡವರು ಆ ನಕ್ಷತ್ರವನ್ನು ನೋಡಿ ಮಗು ಕಲಿತಿದೆ ಎಂದುಕೊಳ್ಳುತ್ತಾರೆ.

ಪರದೆಯಿಂದ ಸಣ್ಣ ಮಕ್ಕಳು ಎಷ್ಟು ಕಲಿಯುತ್ತಾರೆ

ಈ ವಿಷಯದಲ್ಲಿ ಗಟ್ಟಿಯಾದ ಸಂಶೋಧನೆಗಳಿವೆ. ಮೂರನ್ನು ಹೇಳುತ್ತೇನೆ, ಯಾಕೆಂದರೆ ಕೇಂದ್ರದಲ್ಲಿ ನಾವು ಮಾಡಿದ ಬದಲಾವಣೆಗೆ ಇವೇ ಆಧಾರ.

2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಅವರ ತಂಡ ಒಂಬತ್ತು ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಒಂದು ಗುಂಪಿನ ಎದುರು ಆ ಭಾಷೆಯವರೇ ಕೂತು, ಆಟಿಕೆ ತೋರಿಸುತ್ತ ಮಾತಾಡಿದರು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ. ಎದುರು ಕೂತವರಿಂದ ಕೇಳಿದ ಮಕ್ಕಳು ಆ ಭಾಷೆಯ ಸದ್ದುಗಳನ್ನು ಗುರುತಿಸುವುದು ಕಲಿತರು. ಟಿವಿ ನೋಡಿದ ಮಕ್ಕಳು ಕಲಿಯಲಿಲ್ಲ.

2010ರಲ್ಲಿ ಜೂಡಿ ಡೆಲೋಚ್ ಮತ್ತು ಜೊತೆಯವರು ಒಂದರಿಂದ ಒಂದೂವರೆ ವರ್ಷದ ಮಕ್ಕಳಿಗೆ ಶಬ್ದ ಕಲಿಸುವ, ಚೆನ್ನಾಗಿ ಮಾರಾಟವಾಗುತ್ತಿದ್ದ ವಿಡಿಯೋ ಒಂದನ್ನು ಪರೀಕ್ಷಿಸಿದರು. ನಾಲ್ಕು ವಾರ ಮನೆಯಲ್ಲಿ ನೋಡಿದ ಮಕ್ಕಳು ನೋಡದವರಿಗಿಂತ ಒಂದು ಶಬ್ದವನ್ನೂ ಜಾಸ್ತಿ ಕಲಿತಿರಲಿಲ್ಲ. ವಿಡಿಯೋ ಇಲ್ಲದೆ ಅಪ್ಪ ಅಮ್ಮನೇ ದಿನದ ಕೆಲಸದ ನಡುವೆ ಹೇಳಿಕೊಟ್ಟ ಮಕ್ಕಳು ಎಲ್ಲರಿಗಿಂತ ಹೆಚ್ಚು ಕಲಿತಿದ್ದರು. ವಿಡಿಯೋ ಬಹಳ ಇಷ್ಟಪಟ್ಟ ತಂದೆತಾಯಿಗಳು ಮಗು ಅದರಿಂದ ತುಂಬ ಕಲಿತಿದೆ ಎಂದೇ ನಂಬಿದ್ದರು. ಈ ಕೊನೆಯ ಮಾತನ್ನು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ. ಮಗು ಖುಷಿಯಾಗಿ ನೋಡುವುದನ್ನು ಕಂಡು ನಮಗೆ ಆಗುವ ಖುಷಿ, ಕಲಿಕೆಯ ಅಳತೆಗೋಲಾಗಬಾರದು.

ಮೂರನೆಯದು 2014ರದ್ದು. ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಕಲಿಸಲಾಯಿತು. ಎದುರಿಗೆ ಕೂತು ಕಲಿಸಿದಾಗ ಕಲಿತರು. ವಿಡಿಯೋ ಕರೆಯಲ್ಲಿ ಕಲಿಸಿದಾಗಲೂ ಕಲಿತರು. ಬೇರೆ ಮಗುವಿನ ಜೊತೆ ಹಾಗೆ ಮಾತಾಡಿದ್ದನ್ನು ಮೊದಲೇ ಹಿಡಿದಿಟ್ಟ ವಿಡಿಯೋ ತೋರಿಸಿದಾಗ ಕಲಿಯಲಿಲ್ಲ. ಪರದೆ ಎರಡು ಕಡೆಯೂ ಇತ್ತು, ಅಲ್ವಾ? ಕಲಿತ ಕಡೆ ಆಚೆಗಿದ್ದವರು ಮಗುವಿನ ಮುಖ ನೋಡಿ, ಅದರ ಮಾತಿಗೆ ತಕ್ಷಣ ಉತ್ತರ ಕೊಡುತ್ತಿದ್ದರು. ಕಲಿಯದ ಕಡೆ ಉತ್ತರ ಕೊಡುವವರು ಯಾರೂ ಇರಲಿಲ್ಲ.

ಮೂರು ನಾಲ್ಕು ವರ್ಷ ದಾಟಿದ ಮಕ್ಕಳು ಪರದೆಯಿಂದ ಸ್ವಲ್ಪ ಹೆಚ್ಚು ಕಲಿಯುತ್ತಾರೆ, ನಿಜ. 1969ರಿಂದ ಅಮೆರಿಕದಲ್ಲಿ ನಡೆದುಬಂದ ಸೆಸಮಿ ಸ್ಟ್ರೀಟ್‌ನಂಥ ಮಕ್ಕಳ ಟಿವಿ ಕಾರ್ಯಕ್ರಮಗಳಿಂದ ಆ ವಯಸ್ಸಿನವರಿಗೆ ಉಪಯೋಗ ಆಗಿದೆ. ಆದರೆ ಆ ಕಾರ್ಯಕ್ರಮವನ್ನು ಮಕ್ಕಳ ಮುಂದಿಟ್ಟು ಪರೀಕ್ಷಿಸಿ ಪರೀಕ್ಷಿಸಿ ಕಟ್ಟಿದ್ದಾರೆ. ನಮ್ಮ ಫೋನಿಗೆ ತಾನಾಗಿಯೇ ಒಂದರ ಹಿಂದೆ ಒಂದು ಬರುವ ರೈಮ್ಸ್‌ಗಳಿಗೆ ಆ ಮಾತು ಹೇಳಲಾಗದು. ಜಾಹೀರಾತಿನ ಕಾಟ ಬೇರೆ. ಐದು ವರ್ಷದೊಳಗಿನ ಮಕ್ಕಳು ಬಳಸುವ 135 ಆ್ಯಪ್‌ಗಳನ್ನು ನೋಡಿ 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಶೇಕಡಾ 95ರಷ್ಟು ಆ್ಯಪ್‌ಗಳಲ್ಲಿ ಯಾವುದಾದರೊಂದು ಬಗೆಯ ಜಾಹೀರಾತು ಇತ್ತು.

ಏನು ಬದಲಾಯಿತು

ಮೊದಲು ಟಿವಿ ನಿಂತಿತು. ಹೆಚ್ಚಿನ ದಿನ ಕರೆಂಟೇ ಇರಲಿಲ್ಲ, ಹಾಗಾಗಿ ಮಕ್ಕಳೂ ಅಷ್ಟಾಗಿ ಕೇಳಲಿಲ್ಲ. ಅಂಗನವಾಡಿಗೆ ಏನಾದರೂ ಕೊಡಬೇಕು ಎಂದು ಕೇಳುವವರಿಗೆ ನಾನು ಈಗ ನೇರವಾಗಿ ಹೇಳುತ್ತೇನೆ: ಟಿವಿ ಬೇಡ. ಆ ದುಡ್ಡಿನಲ್ಲಿ ಊರಿನ ಒಬ್ಬ ಹೆಣ್ಣುಮಗಳನ್ನು ದಿನಕ್ಕೆ ಎರಡು ಗಂಟೆ ಮಕ್ಕಳ ಜೊತೆ ಕೂರಲು, ಆಡಲು, ಮಾತಾಡಲು ಕರೆಯಿರಿ. ಈ ಮಾಲೀಕರ ಮನೆಯವರು ಅದನ್ನು ಒಪ್ಪಿಕೊಂಡರು. ಯರವ ಭಾಷೆಯೂ ಕನ್ನಡವೂ ಬರುವ, ಹತ್ತನೇ ತರಗತಿ ಓದಿದ ಒಬ್ಬರು ಬೆಳಗಿನ ಹೊತ್ತು ಬರತೊಡಗಿದರು. ಮಕ್ಕಳು ಅವರನ್ನು ಅಕ್ಕ ಎಂದು ಕರೆಯುತ್ತಾರೆ. ಈ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಒಂದು ಹೆಜ್ಜೆ.

ಟ್ಯಾಬ್ ಎರಡನ್ನೂ ಉಳಿಸಿಕೊಂಡೆವು. ಆದರೆ ಅದರ ಕೆಲಸ ಬದಲಾಯಿತು. ಬಂದಿದ್ದ ಆ್ಯಪ್‌ಗಳನ್ನು ತೆಗೆದುಹಾಕಿದೆವು. ಇಂಟರ್‌ನೆಟ್ ಬಂದ್ ಮಾಡಿದೆವು. ಉಳಿದದ್ದು ಕ್ಯಾಮೆರಾ, ಧ್ವನಿ ಹಿಡಿಯುವ ಸಾಧನ, ಮೊದಲೇ ಇಳಿಸಿಕೊಂಡ ಕೆಲವು ಕನ್ನಡ ಚಿತ್ರಕಥೆಗಳು. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಅನೇಕ ಭಾಷೆಗಳ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ನೆಟ್‌ವರ್ಕ್ ಇರುವ ಕಡೆ ಇಳಿಸಿಟ್ಟುಕೊಂಡರೆ ಮಳೆಗಾಲಕ್ಕೆ ಸಾಕು. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಟ್ಯಾಬ್ ಕೊಡುವುದೇ ಇಲ್ಲ. ದೊಡ್ಡ ಮಕ್ಕಳಿಗೂ ನಾಲ್ಕೈದು ಜನರ ಗುಂಪು, ನಡುವೆ ಅಕ್ಕ ಅಥವಾ ಟೀಚರ್, ಸುಮಾರು ಕಾಲು ಗಂಟೆ. ಜೊತೆಗೆ ಕೂರಲು ದೊಡ್ಡವರು ಇಲ್ಲದ ದಿನ ಟ್ಯಾಬ್ ಕಪಾಟಿನಿಂದ ಹೊರಗೆ ಬರುವುದಿಲ್ಲ.

ಅಕ್ಕ ಲೈನ್ ಮನೆಗೆ ಹೋಗಿ ಅಜ್ಜಿಯ ಕಥೆಯೊಂದನ್ನು ಟ್ಯಾಬಿನಲ್ಲಿ ಧ್ವನಿಮುದ್ರಿಸಿ ತಂದರು. ಆನೆಯೊಂದು ಹಲಸಿನ ಹಣ್ಣು ಕದಿಯುವ ಕಥೆ, ಯರವ ಭಾಷೆಯಲ್ಲಿ. ಕೇಂದ್ರದಲ್ಲಿ ಅದನ್ನು ಹಾಕಿದಾಗ ಹುಡುಗಿ ಮೊದಲು ಟ್ಯಾಬನ್ನು ತಿರುಗಿಸಿ ಹಿಂದೆ ನೋಡಿದಳು. ಆಮೇಲೆ ಕಥೆಯನ್ನು ಅರ್ಧಕ್ಕೇ ತಡೆದು, ಮುಂದೇನಾಗುತ್ತದೆ ಎಂದು ಪಕ್ಕದ ಹುಡುಗನಿಗೆ ತನ್ನ ಭಾಷೆಯಲ್ಲೇ ಹೇಳತೊಡಗಿದಳು. ಅವನಿಗೆ ಅರ್ಥವಾಗಲಿಲ್ಲ. ಅಕ್ಕ ಅದನ್ನು ಕನ್ನಡದಲ್ಲಿ ಹೇಳಿದರು. ಅವನು ಕನ್ನಡದಲ್ಲಿ ಪ್ರಶ್ನೆ ಕೇಳಿದ. ಹುಡುಗಿ ತಲೆಯಾಡಿಸಿ, ಕೈ ಅಗಲಿಸಿ, "ದೊಡ್ಡದು" ಎಂದಳು. ಆ ಕೇಂದ್ರದಲ್ಲಿ ಅವಳು ಇನ್ನೊಬ್ಬರಿಗೆ ಹೇಳಿದ ಮೊದಲ ಕನ್ನಡ ಮಾತು ಅದು ಎಂದು ಟೀಚರ್ ಬರೆದಿಟ್ಟಿದ್ದಾರೆ.

ಅಜ್ಜಿಯ ಕಥೆಯೂ ಧ್ವನಿಮುದ್ರಿತವೇ, ಪರದೆಯ ವಸ್ತುವೇ. ಆದರೂ ಅದು ಇಲ್ಲಿ ಕೆಲಸಕ್ಕೆ ಬಂತು. ಹುಡುಗಿಗೆ ಆ ದನಿ ಗೊತ್ತು, ಆ ಭಾಷೆ ಗೊತ್ತು, ಆ ಹಲಸಿನ ಮರವೂ ಗೊತ್ತು. ಪಕ್ಕದಲ್ಲಿ ಅವಳ ಮಾತು ಹಿಡಿದು ಮುಂದಕ್ಕೆ ಸಾಗಿಸುವ ಒಬ್ಬರಿದ್ದರು. 2015ರಲ್ಲಿ ಕ್ಯಾಥಿ ಹರ್ಶ್ ಪಾಸೆಕ್ ಮತ್ತು ಸಂಗಡಿಗರು ಒಳ್ಳೆಯ ಕಲಿಕಾ ಆ್ಯಪಿಗೆ ನಾಲ್ಕು ಗುಣ ಬೇಕು ಎಂದರು. ಮಗು ಯೋಚಿಸುತ್ತ ತೊಡಗಬೇಕು. ಗಮನ ಚದುರಬಾರದು. ಮಗುವಿನ ಬದುಕಿಗೆ ಸಂಬಂಧ ಇರಬೇಕು. ಬೇರೆಯವರ ಜೊತೆ ಬೆರೆಯುವಂತಿರಬೇಕು. ಅಂಗಡಿಯಲ್ಲಿ ಸಿಗುವ ಯಾವ ಆ್ಯಪ್ ಕೂಡ ಸಿದ್ದಾಪುರದ ಲೈನ್ ಮನೆಯ ಮಗುವಿಗೆ ಮೂರನೇ ಗುಣವನ್ನು ಕೊಡಲಾರದು. ಅದನ್ನು ಇಲ್ಲಿಯವರೇ ಮಾಡಿಕೊಳ್ಳಬೇಕು. ಟ್ಯಾಬಿನ ಕ್ಯಾಮೆರಾ, ಮೈಕು ಇಷ್ಟೇ ಸಾಕು.

ಆಮೇಲೆ ಮಕ್ಕಳೇ ಫೋಟೋ ತೆಗೆಯತೊಡಗಿದರು. ಒಳ್ಳೆಮೆಣಸಿನ ಬಳ್ಳಿ, ಅಡುಗೆ ಒಲೆ, ಯಾರದೋ ಚಪ್ಪಲಿ, ಪದೇ ಪದೇ ಅಕ್ಕನ ಮೂಗು. ಗುಂಪಿನಲ್ಲಿ ಕೂತು ನೋಡುತ್ತ, ಇದು ಏನು, ಯಾರದು, ಎಷ್ಟಿದೆ ಎಂದು ಮಾತು. ಹುಡುಗಿ ತನ್ನ ಫೋಟೋ ಬಂದಾಗ ಸುಮ್ಮನಿರಲು ಸಾಧ್ಯವೇ ಇರಲಿಲ್ಲ.

ಫೋಟೋದ ವಿಷಯದಲ್ಲಿ ಒಂದು ಗಟ್ಟಿ ನಿಯಮ ಮಾಡಿದೆವು. ಮಕ್ಕಳ ಮುಖ ಇರುವ ಯಾವ ಚಿತ್ರವೂ ಟ್ಯಾಬಿನಿಂದ ಹೊರಗೆ ಹೋಗಬಾರದು. ವಾಟ್ಸಾಪ್ ಗುಂಪಿಗೂ ಇಲ್ಲ, ದಾನ ಕೊಟ್ಟವರಿಗೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ಇದನ್ನೇ ಮಾಡಬೇಕಿತ್ತು. ಕೂಲಿ ಕೊಡುವವರ ಮನೆಯವರು ಫೋಟೋ ಕೇಳಿದರೆ ಬೇಡ ಎನ್ನಲು ಲೈನ್ ಮನೆಯ ತಾಯಿಗೆ ಧೈರ್ಯ ಬರುವುದಿಲ್ಲ. ಹಾಗಾಗಿ ಕೇಳುವ ಸಂದರ್ಭವೇ ಬರದಂತೆ ನೋಡಿಕೊಳ್ಳುವುದು ದೊಡ್ಡವರಾದ ನಮ್ಮ ಕೆಲಸ.

ಅಕ್ಷರ ಕಲಿಸುವುದನ್ನು ಪರದೆಯಿಂದ ಪೂರ್ತಿ ಹೊರಗೆ ತಂದೆವು. ಇನ್ನೂ ಓದಲು ಬರದ ಐದು ವರ್ಷದ ಮಕ್ಕಳ ಮೇಲೆ 2012ರಲ್ಲಿ ನಡೆದ ಮಿದುಳಿನ ಅಧ್ಯಯನವೊಂದರಲ್ಲಿ, ಕೈಯಿಂದ ಬರೆದು ಕಲಿತ ಅಕ್ಷರ ನೋಡಿದಾಗ ಓದಿಗೆ ಬೇಕಾದ ಭಾಗಗಳು ಚುರುಕಾದವು. ಕೀಲಿ ಒತ್ತಿ ಕಲಿತ ಅಕ್ಷರಕ್ಕೆ ಹಾಗಾಗಲಿಲ್ಲ. ಕನ್ನಡಕ್ಕೆ ಅವಸರವೂ ಬೇಡ. ಸೊನಾಲಿ ನಾಗ್ ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಗುಣಿತ ಒತ್ತಕ್ಷರ ಸೇರಿ ನಮ್ಮ ಅಕ್ಷರಗಳ ರಾಶಿ ದೊಡ್ಡದಾದ್ದರಿಂದ ಅವನ್ನು ಪೂರ್ತಿ ಕಲಿಯಲು ಮಕ್ಕಳು ಮೂರು ನಾಲ್ಕನೇ ತರಗತಿಯವರೆಗೂ ಸಮಯ ತೆಗೆದುಕೊಳ್ಳುತ್ತಾರೆ ಎಂದು ತೋರಿಸಿದೆ. ನಾಲ್ಕು ವರ್ಷದ ಮಗುವಿಗೆ ಈಗ ಬೇಕಾದ್ದು ಮರಳಿನಲ್ಲಿ, ಸ್ಲೇಟಿನಲ್ಲಿ ಗೀಚುವ ಕೈ, ಮತ್ತು ಹಾಡಿನಲ್ಲಿ ಪ್ರಾಸ ಹಿಡಿಯುವ ಕಿವಿ.

ಎಣಿಕೆಯೂ ಊಟದ ತಟ್ಟೆಗೆ, ಹಲಸಿನ ಬೀಜಕ್ಕೆ ಬಂತು. ಬೀಜ ಬಾಯಿಗೆ ಹಾಕಿಕೊಳ್ಳುವ ಸಣ್ಣ ಮಕ್ಕಳನ್ನು ಇದರಿಂದ ದೂರ ಕೂರಿಸಬೇಕು. ದಿನಾ ತಟ್ಟೆ ಹಂಚುವ ಕೆಲಸ ನಮ್ಮ ಹುಡುಗಿಗೆ ಬಂತು. ಒಬ್ಬರಿಗೆ ಒಂದು, ಕಡಿಮೆ ಬಿದ್ದರೆ ಇನ್ನೆಷ್ಟು ಬೇಕು. ತಟ್ಟೆ ಸಿಗದವನು ಕೂಗಿಯೇ ಕೂಗುತ್ತಾನೆ. ಅವನ ಕೂಗಿನಷ್ಟು ಚೆನ್ನಾಗಿ ಲೆಕ್ಕ ತಿದ್ದುವ ಆ್ಯಪ್ ನಾನು ಕಂಡಿಲ್ಲ.

ಮನೆಯಲ್ಲಿ

ಮನೆಯವರ ಜೊತೆ ಮಾತು ನಡೆದದ್ದು ಬೈಗುಳವಿಲ್ಲದೆ. ಫೋನ್ ಪೂರ್ತಿ ಬಿಡಿಸಿ ಎಂದು ನಾವು ಹೇಳಲಿಲ್ಲ. ಊಟದ ಹೊತ್ತಿಗೆ ಬೇಡ, ಮಲಗುವ ಮುಂಚಿನ ಒಂದು ಗಂಟೆ ಬೇಡ, ಒಂದು ಮುಗಿದ ಮೇಲೆ ತಾನಾಗಿ ಇನ್ನೊಂದು ಶುರುವಾಗುವುದನ್ನು ನಿಲ್ಲಿಸೋಣ, ಇಷ್ಟೇ ಕೇಳಿದೆವು. ಅಮ್ಮ ಒಪ್ಪಿದರು. ಊರಿನಲ್ಲಿರುವ ಚಿಕ್ಕಮ್ಮನಿಗೆ ಸಂಜೆ ವಿಡಿಯೋ ಕರೆ ಮಾಡುವುದಾದರೆ ಮಗು ಎಷ್ಟು ಬೇಕಾದರೂ ಮಾತಾಡಲಿ ಎಂದೆವು. ಅದು ಪರದೆ ಆದರೂ ಆಚೆಗೆ ಉತ್ತರ ಕೊಡುವವರಿದ್ದಾರೆ.

ಆಟದ ಜಾಗಕ್ಕೆ ದಾರಿ ತೋರಿಸಿದವರು ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್. ಕಾಫಿ ಒಣಗಿಸುವ ಕಣ ಕೊಯ್ಲು ಇಲ್ಲದ ತಿಂಗಳುಗಳಲ್ಲಿ ಖಾಲಿ. ಸಿಮೆಂಟು ನೆಲ, ನಾಲ್ಕು ಕಡೆಯೂ ಬಯಲು, ಆನೆ ಬಂದರೆ ದೂರದಿಂದಲೇ ಕಾಣುತ್ತದೆ. ಮಳೆ ಬಿಟ್ಟ ಸಂಜೆ, ಆ ಕಡೆ ಆನೆ ಇಲ್ಲ ಎಂಬ ಸುದ್ದಿ ಖಾತರಿಯಾದ ಮೇಲೆ, ದೊಡ್ಡವರೊಬ್ಬರ ಕಾವಲಿನಲ್ಲಿ ಲೈನಿನ ಮಕ್ಕಳೆಲ್ಲ ಅಲ್ಲಿ ಓಡತೊಡಗಿದರು. ಬಯಲಿನಲ್ಲಿ ಆಡುವುದು ಕಣ್ಣಿಗೂ ಒಳ್ಳೆಯದು. ಚೀನಾದ ಗುವಾಂಗ್ಝೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಸಮಯ ಕೊಟ್ಟಾಗ, ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ 39.5ರ ಬದಲು 30.4 ಶೇಕಡಾ ಆಗಿತ್ತು. 2015ರಲ್ಲಿ ಅದು ಪ್ರಕಟವಾಯಿತು.

ಎಲ್ಲಿಗೆ ಬಂದು ನಿಂತಿದೆ

ನವೆಂಬರ್, ಡಿಸೆಂಬರ್‌ನಲ್ಲಿ ಬರುವ ಕೊಡಗಿನ ಪುತ್ತರಿ ಹಬ್ಬದ ಹೊತ್ತಿಗೆ ಹುಡುಗಿ ಕೇಂದ್ರದಲ್ಲಿ ಎರಡು ಮೂರು ಪದ ಜೋಡಿಸಿ ಕನ್ನಡ ಮಾತಾಡುತ್ತಿದ್ದಳು. ಸಿಟ್ಟು ಬಂದರೆ ಯರವ ಭಾಷೆ, ಏನಾದರೂ ಬೇಕಾದರೆ ಕನ್ನಡ. ತಟ್ಟೆ ಐದರವರೆಗೆ ಸರಿಯಾಗಿ ತರುತ್ತಾಳೆ. ಇಂಗ್ಲಿಷ್ ರೈಮ್ಸ್ ಇನ್ನೂ ಹಾಡುತ್ತಾಳೆ. ಈಗ ತಮ್ಮನನ್ನು ಕೂರಿಸಿ ಅವನಿಗೆ ಕಲಿಸುತ್ತಾಳೆ. ಇದೆಲ್ಲ ಬದಲಾವಣೆಗಳಿಂದ ಎಷ್ಟು ಆಯಿತು, ವಯಸ್ಸು ಬೆಳೆದದ್ದರಿಂದ ಎಷ್ಟು ಎಂದು ಒಂದೇ ಮಗುವನ್ನು ನೋಡಿ ಬೇರ್ಪಡಿಸಲು ಬರುವುದಿಲ್ಲ. ಮಾತಿಗೆ ದಾರಿ ಮಾಡಿಕೊಟ್ಟದ್ದು ಅಕ್ಕ ಎಂಬುದರಲ್ಲಿ ಮಾತ್ರ ಟೀಚರ್‌ಗೂ ನನಗೂ ಅನುಮಾನ ಇಲ್ಲ.

ಕೊಯ್ಲು ಶುರುವಾದ ಮೇಲೆ ಫೋನ್ ಮತ್ತೆ ಜಾಸ್ತಿಯಾಯಿತು. ಕಣದ ತುಂಬ ಕಾಫಿ. ಮಕ್ಕಳಿಗೆ ಓಡಲು ಜಾಗ ಇಲ್ಲ. ಅಮ್ಮ ಕತ್ತಲಾಗುವ ಹೊತ್ತಿಗೆ ಬರುತ್ತಾರೆ. ಊಟದ ಹೊತ್ತಿನ ನಿಯಮ ಉಳಿದಿದೆ, ಮಲಗುವ ಮುಂಚಿನದು ಉಳಿದಿಲ್ಲ. ಟೀಚರ್ ಫೋನಿನಲ್ಲಿ ತುಂಬಬೇಕಾದ ಲೆಕ್ಕವೂ ಕಡಿಮೆಯಾಗಿಲ್ಲ. ಅಕ್ಕ ಇರುವ ಎರಡು ಗಂಟೆಯಲ್ಲಿ ಅವರು ಅದನ್ನು ಮುಗಿಸುತ್ತಾರೆ. ಅಕ್ಕ ಕೊಯ್ಲಿಗೆ ಹೋದರೆ ಇಲ್ಲಿ ಸಿಗುವುದಕ್ಕಿಂತ ಹೆಚ್ಚು ಕೂಲಿ ಸಿಗುತ್ತದೆ. ಹಾಗಾಗಿ ಜನವರಿಯಿಂದ ಮಾರ್ಚ್ ತನಕ ಅವರಿಗೆ ಕೊಡುವ ದುಡ್ಡನ್ನು ಹೆಚ್ಚಿಸಬೇಕೆಂದು ಮಾಲೀಕರ ಮನೆಯವರಿಗೆ ಕೇಳಿದ್ದೇವೆ.

ಈ ಸಲ ಕೊಯ್ಲಿಗೆ ಅಸ್ಸಾಮಿನಿಂದ ಬಂದ ಮೂರು ಮಕ್ಕಳು ಕೇಂದ್ರಕ್ಕೆ ಸೇರಿದ್ದಾರೆ. ಅವರ ಮಾತು ಟೀಚರ್‌ಗೂ ಬರುವುದಿಲ್ಲ, ಅಕ್ಕನಿಗೂ ಬರುವುದಿಲ್ಲ. ಅವರಲ್ಲಿ ಒಬ್ಬನ ಅಪ್ಪನಿಗೆ ಸ್ವಲ್ಪ ಹಿಂದಿ ಗೊತ್ತು. ಭಾನುವಾರ ಬಿಡುವಾದಾಗ ಒಂದು ಕಥೆಯನ್ನೋ ಹಾಡನ್ನೋ ಟ್ಯಾಬಿಗೆ ಹೇಳಿಕೊಡಲು ಅವರನ್ನು ಕೇಳಿದ್ದೇವೆ.